ಅರ್ಧ ಕಂಬದ ವೈಫೈ

ನನ್ನ ಕುರ್ಚಿಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಏಕೆಂದರೆ ಈ ಕಥೆಯನ್ನು ನಮ್ಮ ಬೀದಿಯವರ ಬಾಯಲ್ಲಿ ಕೇಳಿದರೆ ಅದರಲ್ಲಿ ಕುರ್ಚಿಯ ಸುದ್ದಿಯೇ ಬರುವುದಿಲ್ಲ. ಪ್ರೆಬೆನ್ ಎಂಬುವವನಿಗೆ ತಲೆ ಕೆಟ್ಟಿದೆ ಎಂಬುದಷ್ಟೇ ಬರುತ್ತದೆ. ಪ್ರೆಬೆನ್ ಎಂದರೆ ನಾನು. ಕುರ್ಚಿ ಎಂದರೆ ನಮ್ಮ ಹಜಾರದಲ್ಲಿ ಟೀವಿಗೆ ನೇರ ಎದುರಿಗಿರುವ ತೊಗಲಿನ ಕುರ್ಚಿ. ಅದಕ್ಕೆ ಕಾಲು ಚಾಚಲು ಒಂದು ಪುಟ್ಟ ಪೀಠವೂ ಉಂಟು. ದಿನವಿಡೀ ನಗರಸಭೆಯ ಕುಡಿಯುವ ನೀರಿನ ಕೊಳವೆಗಳ ಮೇಲೆ ಬಗ್ಗಿ ಬಗ್ಗಿ ಬರುವ ನನ್ನ ಬೆನ್ನಿಗೆ ಇಡೀ ಡೆನ್ಮಾರ್ಕಿನಲ್ಲಿ ಅದೊಂದೇ ದಿಕ್ಕು.

ಆ ಕುರ್ಚಿಯಲ್ಲಿ ಕಳೆದ ಚಳಿಗಾಲದಿಂದ ನನ್ನ ಅತ್ತೆ ಕೂತಿದ್ದಾರೆ.

ಅತ್ತೆಯ ಹೆಸರು ರಿಗ್ಮೋರ್. ವಯಸ್ಸು ಎಂಬತ್ತು ದಾಟಿದೆ. ಇರುವುದು ನಮ್ಮ ಮನೆಯಲ್ಲಲ್ಲ, ತೋಟದ ಆ ತುದಿಯ ಪುಟ್ಟ ಹೊರಮನೆಯಲ್ಲಿ. ಅಲ್ಲಿ ಅವರಿಗೆ ಸ್ವಂತ ಅಡುಗೆಮನೆ ಇದೆ, ಸ್ವಂತ ಟೀವಿ ಇದೆ, ಸ್ವಂತ ಕುರ್ಚಿಯೂ ಇದೆ (ನನ್ನದಕ್ಕಿಂತ ಒಳ್ಳೆಯದು, ಎರಡು ಸಲ ಕೂತು ನೋಡಿದ್ದೇನೆ). ಇಲ್ಲದೇ ಇರುವುದು ವೈಫೈ ಒಂದೇ. ಚಳಿ ತಡೆಯಲೆಂದು ಆ ಮನೆಯ ಗೋಡೆಗೂ ಮಾಡಿಗೂ ಒಳಗಿನಿಂದ ಅಲ್ಯೂಮಿನಿಯಂ ಹಾಳೆ ಹೊದೆಸಿದೆವು. ಆಮೇಲೆ ಚಳಿಯೂ ಒಳಗೆ ಹೋಗಲಿಲ್ಲ, ಸಿಗ್ನಲ್ಲೂ ಹೋಗಲಿಲ್ಲ.

ಅತ್ತೆಗೆ ಸಿಗ್ನಲ್ ಯಾಕೆ ಬೇಕು ಅಂದರೆ, ದೇಶದ ಬೇರೆ ಬೇರೆ ಮೂಲೆಗಳಲ್ಲಿರುವ ಮೂವರು ಗೆಳತಿಯರ ಜೊತೆ ಟ್ಯಾಬ್ಲೆಟ್ಟಿನಲ್ಲಿ ಇಸ್ಪೀಟು ಆಡಲಿಕ್ಕೆ. ಆಟವಾಡುತ್ತ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುತ್ತಾರೆ. ನಾಲ್ವರಿಗೂ ಕಿವಿ ಸ್ವಲ್ಪ ಮಂದ. ಸಂಜೆಯ ಕಾಫಿ ಮುಗಿದ ಕೂಡಲೇ ಅತ್ತೆ ಟ್ಯಾಬ್ಲೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಹುಲ್ಲುಹಾಸು ದಾಟಿ ಬಂದು ನನ್ನ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗುತ್ತಾರೆ.

"ಅತ್ತೆ, ಸೋಫಾದ ಮೇಲೂ ವೈಫೈ ಬರುತ್ತೆ," ಎಂದು ಒಮ್ಮೆ ಹೇಳಿ ನೋಡಿದೆ.

"ಬರುತ್ತಪ್ಪ, ಇಲ್ಲ ಅನ್ನಲ್ಲ. ಆದ್ರೆ ಡಬ್ಬಿ ಈ ಕುರ್ಚಿ ಹಿಂದೇನೇ ಇದೆಯಲ್ಲ. ಇಲ್ಲಿ ಬಿಸಿಬಿಸಿ ಸಿಗುತ್ತೆ."

ಹೀಗೆ ನಾನು ಊಟದ ಮೇಜಿನ ಕುರ್ಚಿಯ ಮೇಲೆ, ಕತ್ತು ಓರೆ ಮಾಡಿಕೊಂಡು, ನಾಲ್ವರು ಮುದುಕಿಯರ ಜಗಳದ ನಡುವೆ ವಾರ್ತೆ ನೋಡುತ್ತ ಕಾಲ ಹಾಕುತ್ತಿದ್ದೆ. ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಅಷ್ಟರಲ್ಲಿ ನಮ್ಮೂರಿನ ಹೆಂಗಸರ ಹ್ಯಾಂಡ್‌ಬಾಲ್ ತಂಡ, ಹುಟ್ಟಿದಾಗಿನಿಂದ ಸೋಲುವುದನ್ನೇ ಕಲಿತಿದ್ದ ತಂಡ, ಅದು ಹೇಗೋ ಫೈನಲ್ ತಲುಪಿಬಿಟ್ಟಿತು. ಶನಿವಾರ ಸಂಜೆ ಪಂದ್ಯ. ನನ್ನ ಜೀವಮಾನದಲ್ಲಿ ಇನ್ನೊಮ್ಮೆ ಇಂಥದ್ದು ನಡೆಯುವ ಭರವಸೆ ನನಗಿರಲಿಲ್ಲ. ಆ ಪಂದ್ಯವನ್ನು ನನ್ನ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಬಿಯರ್ ಹಿಡಿದು ನೋಡದಿದ್ದರೆ ನಾನು ಮನುಷ್ಯನೇ ಅಲ್ಲ ಎಂದು ತೀರ್ಮಾನಿಸಿದೆ.

"ಹೊರಮನೆಗೆ ವೈಫೈ ಒಯ್ಯುತ್ತೇನೆ," ಎಂದು ಹೆಂಡತಿಗೆ ಘೋಷಿಸಿದೆ.

ಲಿಸ್ಬೆಟ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. "ಕಂಪನಿಗೆ ಫೋನ್ ಮಾಡು. ಅವರ ಕಡೆಯವರು ಬಂದು ಒಂದು ಡಬ್ಬಿ ಕೂರಿಸಿ ಹೋಗ್ತಾರೆ."

"ನನ್ನ ಮನೆಗೆ ಅವರ ಡಬ್ಬಿ ಯಾಕೆ? ನಾನೇ ತರ್ತೀನಿ, ನಾನೇ ಹಾಕ್ತೀನಿ."

"ಹೋದ ಸಲ ಪಾತ್ರೆ ತೊಳೆಯೋ ಮೆಷಿನ್ನೂ ನೀನೇ ರಿಪೇರಿ ಮಾಡಿದೆ."

"ಅದಕ್ಕೇನೀಗ?"

"ಏನಿಲ್ಲ. ಈಗ ಪಾತ್ರೆಯೂ ನೀನೇ ತೊಳೀತಿದೀಯ, ಅಷ್ಟೆ."

ಇಂಥ ಮಾತಿಗೆಲ್ಲ ಎದೆಗುಂದುವ ಜಾತಿ ನನ್ನದಲ್ಲ. ಮೂವತ್ತು ವರ್ಷ ಊರಿಗೆ ನೀರು ಹರಿಸಿದವನು ನಾನು. ನೀರಾದರೇನು, ಅಲೆಯಾದರೇನು, ಹರಿಯುವ ವಸ್ತು ಹರಿಯುವ ವಸ್ತುವೇ. ಒತ್ತಡ ಸಾಲದಿದ್ದರೆ ನಡುವೆ ಒಂದು ಪಂಪು ಕೂರಿಸಬೇಕು, ಅಥವಾ ಟ್ಯಾಂಕನ್ನು ಎತ್ತರಕ್ಕೇರಿಸಬೇಕು. ಈ ಮಹಾ ಸಿದ್ಧಾಂತದ ಆಧಾರದ ಮೇಲೆ ಮೊದಲು ಪಂಪು ತಂದೆ. ಅಂದರೆ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ದಾಟಿಸುವ ಒಂದು ಸಣ್ಣ ಯಂತ್ರ. ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಅತ್ತೆಯನ್ನು ಟ್ಯಾಬ್ಲೆಟ್ ಸಮೇತ ತೋಟದಲ್ಲಿ ನಿಲ್ಲಿಸಿ ಪರೀಕ್ಷೆ ಶುರುಮಾಡಿದೆ.

"ಅತ್ತೆ, ಎಷ್ಟು ಗೆರೆ ಕಾಣುತ್ತೆ?"

"ಎಲ್ಲಿ, ನನ್ನ ಮುಖದ ಮೇಲಾ?"

"ಟ್ಯಾಬ್ಲೆಟ್ ಮೇಲೆ!"

"ಅದರಲ್ಲೂ ನನ್ನ ಮುಖಾನೇ ಕಾಣ್ತಿದೆ ಕಣಪ್ಪ."

ಸೇಬಿನ ಮರದ ತನಕ ಎರಡು ಗೆರೆ ಬಂತು. ಮರ ದಾಟಿದರೆ ಒಂದು. ಹೊರಮನೆಯ ಬಾಗಿಲಲ್ಲಿ ಸೊನ್ನೆ. ಅತ್ತೆ ಬಾಗಿಲಲ್ಲೇ ನಿಂತು, "ಪಾಪ, ಪ್ರಯತ್ನ ಮಾಡಿದೀಯ ಬಿಡು," ಎಂದು ನನಗೆ ಸಮಾಧಾನ ಹೇಳಿ, ಸೀದಾ ನಮ್ಮ ಮನೆಗೆ ಬಂದು ಕುರ್ಚಿಯಲ್ಲಿ ಕೂತರು. ನಾನು ಮೆಟ್ಟಿಲ ಮೇಲೆ ಕೂತು ತೋಟವನ್ನು ದಿಟ್ಟಿಸಿದೆ. ಆಗ ಕಣ್ಣಿಗೆ ಬಿತ್ತು ನಮ್ಮ ಬಾವುಟದ ಕಂಬ.

ಎಲ್ಲರ ಮನೆಯ ಹಾಗೆ ನಮ್ಮ ಮನೆಯ ತೋಟದಲ್ಲೂ ಒಂದು ಬಿಳೀ ಕಂಬ ಇದೆ. ಯಾರದಾದರೂ ಹುಟ್ಟಿದ ಹಬ್ಬ ಬಂದರೆ ಅದರ ಮೇಲೆ ದೇಶದ ಕೆಂಪು ಬಿಳಿ ಬಾವುಟ ಹಾರುತ್ತದೆ. ಮಿಕ್ಕ ದಿನ ಸುಮ್ಮನೆ ನಿಂತಿರುತ್ತದೆ. ನಮ್ಮ ಮನೆಗೂ ಹೊರಮನೆಗೂ ಸರಿಯಾಗಿ ನಡುವೆ, ಅಷ್ಟು ಎತ್ತರಕ್ಕೆ, ಮೇಲೆ ಕೆಳಗೆ ಎಳೆಯಲು ಹಗ್ಗ ರಾಟೆ ಎಲ್ಲವನ್ನೂ ಇಟ್ಟುಕೊಂಡು, ಇಷ್ಟು ವರ್ಷ ಅದು ನನ್ನನ್ನೇ ಕಾಯುತ್ತಿತ್ತು ಎಂದು ಅನಿಸಿತು. ಟ್ಯಾಂಕು ಎತ್ತರದಲ್ಲಿರಬೇಕು ಎಂದೆನಲ್ಲ, ಇದೇ ಆ ಎತ್ತರ!

ಮಳೆ ಗಾಳಿ ತಡೆಯುವ, ಹೊರಗಡೆ ನೇತುಹಾಕುವಂಥ ವೈಫೈ ಡಬ್ಬಿಯೊಂದನ್ನು ತಂದೆ. ಶನಿವಾರ ಬೆಳಿಗ್ಗೆ ಅದನ್ನು ಬಾವುಟದ ಹಗ್ಗಕ್ಕೆ ಕಟ್ಟಿ, ಉದ್ದಕ್ಕೆ ತಂತಿ ಬಿಟ್ಟು, ತುದಿಗೆ ಏರಿಸಿದೆ. ಅತ್ತೆ ಹೊರಮನೆಯ ಕಿಟಕಿಯಿಂದ "ಏನೂ ಇಲ್ಲ!" ಎಂದರು. ಅಲೆಗಳೆಲ್ಲ ಆ ಅಲ್ಯೂಮಿನಿಯಂ ಮಾಡಿಗೆ ಬಡಿದು ಬೇರೆ ಯಾರ ಮನೆಗೋ ಹೋಗುತ್ತಿದ್ದವು. ಕೆಳಗಿಳಿಸಿದರೆ ಸೇಬಿನ ಮರ ಅಡ್ಡ. ಹಗ್ಗವನ್ನು ಮೇಲೆ ಕೆಳಗೆ ಎಳೆದೂ ಎಳೆದೂ, ಸರಿಯಾಗಿ ಕಂಬದ ಅರ್ಧಕ್ಕೆ ಬಂದಾಗ ಅತ್ತೆಯ ಕೂಗು ಕೇಳಿತು: "ಬಂತು! ಪೂರ್ತಿ ಬಂತು! ಇಂಗ್ರಿಡ್ಡಳ ಮುಖ ಮಚ್ಚೆ ಸಮೇತ ಕಾಣ್ತಿದೆ!" ಅಲ್ಲಿಂದ ಕಿಟಕಿಗೆ ನೇರ ದಾರಿ. ನಾನು ಹಗ್ಗವನ್ನು ಅಲ್ಲೇ ಬಿಗಿದು ಕಟ್ಟಿದೆ.

ಲಿಸ್ಬೆಟ್ ದಿನವಿಡೀ ನಡೆಯುವ ಚರ್ಚಿನ ಗಾಯನಕ್ಕೆ ಹೊರಟವಳು ಒಂದು ಗಳಿಗೆ ನಿಂತು ಮೇಲೆ ನೋಡಿದಳು.

"ಇದೇನಿದು, ಕಂಬದ ಮಧ್ಯೆ ಹಾಲಿನ ಡಬ್ಬ ನೇತಾಡ್ತಿದೆ?"

"ಇದು ವೈಫೈ."

"ಏನಾದ್ರೂ ಆಗಿರ್ಲಿ. ಮೂಲೆ ಮನೆ ನಮ್ದು, ಎರಡು ಬೀದಿಯವರೂ ನೋಡ್ತಾರೆ. ನಾನು ಬರೋದ್ರೊಳಗೆ ಅದನ್ನ ಏನಾದ್ರೂ ಹಾಕಿ ಮುಚ್ಚು."

ಏನು ಹಾಕಿ ಮುಚ್ಚುವುದು? ಕಂಬದ ಮೇಲೆ ಹಾರಲು ಯೋಗ್ಯವಾದದ್ದು ಬಾವುಟ. ಆದರೆ ಬಾವುಟವನ್ನು ಬೇಕೆಂದಾಗಲೆಲ್ಲ ಏರಿಸುವಂತಿಲ್ಲ, ಸಂಜೆ ಇಳಿಸದೆ ಬಿಡುವಂತಿಲ್ಲ, ಅರ್ಧಕ್ಕೆ ಏರಿಸಿದರಂತೂ ಆ ಮನೆಯಲ್ಲಿ ಸಾವಾಗಿದೆ ಎಂದೇ ಲೆಕ್ಕ. ಇದೆಲ್ಲ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಧ್ವಜಶಾಸ್ತ್ರದಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಆದ್ದರಿಂದಲೇ ನಾನು ಬಾವುಟವನ್ನು ಮುಟ್ಟಲಿಲ್ಲ. ಬಾವುಟ ಇಲ್ಲದ ದಿನಗಳಲ್ಲಿ ಅಂದಕ್ಕೆಂದು ಹಾರಿಸುವ ಉದ್ದನೆಯ ಕೆಂಪು ಬಿಳಿ ಪತಾಕೆ ಇದೆಯಲ್ಲ, ಅದನ್ನು ತಂದೆ. ಪತಾಕೆ ಬಾವುಟವಲ್ಲ. ಬಾವುಟದ ನಿಯಮ ಪತಾಕೆಗಿಲ್ಲ. ಹಗಲೂ ರಾತ್ರಿ ಹಾರಬಹುದು, ಯಾರ ಅಪ್ಪಣೆಯೂ ಬೇಡ. ಈ ಸೂಕ್ಷ್ಮವನ್ನು ನೆನೆದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಡಬ್ಬಿಯನ್ನು ಅಲುಗಾಡಿಸಿದರೆ ಸಿಗ್ನಲ್ ಕೆಡುತ್ತದೆಂದು, ಕಂಬಕ್ಕೆ ಏಣಿ ಒರಗಿಸಿ ಹತ್ತಿ ಪತಾಕೆಯನ್ನು ಅದೇ ಹಗ್ಗಕ್ಕೆ ಕಟ್ಟತೊಡಗಿದೆ. ಪಕ್ಕದ ಮನೆಯ ಫ್ಲೆಮಿಂಗ್ ಬೇಲಿಯಾಚೆಯಿಂದ ಕತ್ತೆತ್ತಿದ.

"ಏಣಿ ಅಲ್ಲಾಡ್ತಿದೆ ಮಾರಾಯ!"

"ಅಲ್ಲಾಡ್ಲಿ ಬಿಡು!"

"ಬಿದ್ರೆ ಸತ್ತೇ ಹೋಗ್ತೀಯ ಮತ್ತೆ!"

"ನಾನು ಸಾಯೋದಾದ್ರೆ ಫೈನಲ್ ಮುಗಿದ ಮೇಲೆ!" ಎಂದು ಕೂಗಿದೆ. ಅವನು ತಲೆಯಾಡಿಸಿ ಒಳಗೆ ಹೋದ.

ಕೆಲಸ ಮುಗಿಯಿತು. ಡಬ್ಬಿ ಪತಾಕೆಯ ಮರೆಯಲ್ಲಿ ಅಡಗಿತು. ಗಾಳಿ ಇರಲಿಲ್ಲವಾಗಿ ಪತಾಕೆ ಜೋಲುಬಿದ್ದಿತ್ತು. ಏಣಿಯನ್ನು ಒಳಗಿಡುವ ತಾಳ್ಮೆ ನನಗಿರಲಿಲ್ಲ, ಹುಲ್ಲಿನ ಮೇಲೇ ಕೆಡವಿದೆ. ಸಂಜೆಯಾಯಿತು. ಅತ್ತೆ ಬರಲಿಲ್ಲ. ಆಹಾ! ಟೀವಿಯ ಮೇಲೆ ಬಿಸಿಲು ಬೀಳದ ಹಾಗೆ ಪರದೆಗಳನ್ನೆಲ್ಲ ಎಳೆದು, ಫೋನನ್ನು ಬಚ್ಚಲುಮನೆಯಲ್ಲಿಟ್ಟು, ನನ್ನ ಕುರ್ಚಿಯಲ್ಲಿ ನಾನು ಕೂತೆ. ತೊಗಲಿನಲ್ಲಿ ಅತ್ತೆಯ ಆಕಾರದ ಗುಳಿ ಬಿದ್ದಿತ್ತು. ನನ್ನ ಆಕಾರಕ್ಕೆ ತರಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೆರಡು ಸಲ ಬಾಗಿಲಿನ ಗಂಟೆ ಹೊಡೆದುಕೊಂಡಿತು. ನಾನು ಏಳಲಿಲ್ಲ.

ಅತ್ತ ಬೀದಿಯವರ ಕಣ್ಣಿಗೆ ಬಿದ್ದದ್ದು ಇಷ್ಟು: ಬೆಳಿಗ್ಗೆ ಪ್ರೆಬೆನ್ ಅಲ್ಲಾಡುವ ಏಣಿಯ ಮೇಲಿದ್ದ. ಈಗ ಏಣಿ ನೆಲದ ಮೇಲಿದೆ. ಪರದೆಗಳು ಮುಚ್ಚಿವೆ. ಗಂಟೆಗೆ ಉತ್ತರವಿಲ್ಲ, ಫೋನಿಗೆ ಉತ್ತರವಿಲ್ಲ. ಕಂಬದ ಅರ್ಧಕ್ಕೆ ಕೆಂಪು ಬಿಳಿ ಬಟ್ಟೆ ಜೋಲುಬಿದ್ದಿದೆ. ಇದರ ಮೇಲೆ ಲಿಸ್ಬೆಟ್ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆಯಲ್ಲಿ ಸೈಕಲ್ ತುಳಿದುಕೊಂಡು ಮನೆಗೆ ಬಂದಳು (ಚರ್ಚಿನ ಗಾಯಕರೆಲ್ಲರ ಉಡುಪು ಅದೇ). ಹಿಂದಿನ ಓಣಿಯಿಂದ ಅಡುಗೆಮನೆ ಬಾಗಿಲಿಗೆ ಬಂದದ್ದರಿಂದ ಅವಳಿಗೆ ಕಂಬ ಕಾಣಲೇ ಇಲ್ಲ.

ಅವಳು ಒಳಗೆ ಕಾಲಿಟ್ಟಿದ್ದಳಷ್ಟೆ, ಗಂಟೆ ಮತ್ತೆ ಹೊಡೆಯಿತು. ಈ ಸಲ ಅವಳು ಹೋಗಿ ತೆರೆದಳು. ಆಟದ ಉತ್ತರಾರ್ಧ, ಎರಡೂ ತಂಡ ಸಮ ಸಮ. ಮುಂಬಾಗಿಲಿನ ಕಡೆಯಿಂದ ಫ್ಲೆಮಿಂಗನ ಹೆಂಡತಿ ಬೋದಿಲ್ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

"ಅಯ್ಯೋ ಲಿಸ್ಬೆಟ್, ಹೀಗಾಗಬಾರ್ದಿತ್ತು ಕಣೇ! ಏನು ಹೇಳ್ಲಿ ನಿಂಗೆ! ಒಂದು ಕೇಕ್ ಮಾಡ್ಕೊಂಡು ಬಂದೆ."

"ಧೈರ್ಯ ತಂದ್ಕೋ," ಎಂದು ಫ್ಲೆಮಿಂಗನ ದನಿ. "ಮನೆ ಅಂದ್ಮೇಲೆ ಸಾವು ಇದ್ದದ್ದೇ."

ನಾನು ಟೀವಿಯ ದನಿ ಪೂರ್ತಿ ತಗ್ಗಿಸಿದೆ. ಸಾವು? ಹೊರಮನೆಯೂ ಸೇರಿ ನಮ್ಮ ಮನೆಯಲ್ಲಿ ಇರುವವರು ಮೂವರು. ನಾನು ಇಲ್ಲಿದ್ದೇನೆ. ಲಿಸ್ಬೆಟ್ ಬಾಗಿಲಲ್ಲಿದ್ದಾಳೆ. ಅತ್ತೆ! ಸಂಜೆಯಿಂದ ಅವರು ಬರದೇ ಇದ್ದದ್ದು ವೈಫೈಯಿಂದ ಎಂದು ನಾನಿಲ್ಲಿ ಹಿಗ್ಗುತ್ತಿದ್ದೇನೆ, ಅಲ್ಲಿ ಆ ಜೀವ ಒಂಟಿಯಾಗಿ... ಅವರು ತೊಲಗಲಿ ಎಂದು ನಾನು ಯಾವತ್ತೂ ಬಯಸಿದವನಲ್ಲ. ತೋಟದ ಆಚೆಗೆ ಹೋಗಲಿ ಎಂದಷ್ಟೇ ಬಯಸಿದ್ದು. ಜಗಲಿಯ ಬಾಗಿಲು ತೆರೆದು, ಬರೀ ಕಾಲುಚೀಲದಲ್ಲೇ ತೋಟದಲ್ಲಿ ಓಡಿದೆ.

ಹೊರಮನೆಯ ಬಾಗಿಲು ದೂಡಿದೆ. ಅತ್ತೆ ತಮ್ಮ ಕುರ್ಚಿಯಲ್ಲಿ ಕೂತು, ಟ್ಯಾಬ್ಲೆಟ್ಟನ್ನು ಕಾಫಿ ಡಬ್ಬಕ್ಕೆ ಒರಗಿಸಿಕೊಂಡು ಆಡುತ್ತಿದ್ದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನೀನಾ? ನೀನು ಸತ್ತೆ ಅಂದ್ಳಲ್ಲ ಬೋದಿಲ್."

"ನಾನಾ! ಯಾವಾಗ?"

"ಆಗ್ಲೇ. ಬೇಲಿ ಮೇಲಿಂದ ಕೂಗಿ ಹೇಳಿದ್ಳು. ಏಣಿಯಿಂದ ಬಿದ್ದನಂತೆ ಅಂತ."

ಉಸಿರು ತಿರುಗಿಸಿಕೊಳ್ಳಲು ಬಾಗಿಲು ಹಿಡಿದು ನಿಂತೆ. "ನಾನು ಸತ್ತ ಸುದ್ದಿ ಕೇಳಿದ ಮೇಲೂ ನೀವು ಇಲ್ಲೇ ಕೂತಿದೀರಾ?"

"ಒಳ್ಳೇ ಎಲೆ ಬಿದ್ದಿತ್ತು ಕಣಪ್ಪ. ಇದೊಂದು ಆಟ ಮುಗಿಸ್ಕೊಂಡು ಬರೋಣ ಅಂದ್ಕೊಂಡೆ." ಅತ್ತೆಗೆ ಸ್ವಲ್ಪ ನಾಚಿಕೆಯಾದ ಹಾಗೆ ಕಂಡಿತು. "ಅತ್ತಿಲ್ಲ ಅಂದ್ಕೋಬೇಡ. ಎಲೆ ಹಂಚೋ ಹೊತ್ನಲ್ಲೆಲ್ಲ ಅಳ್ತಾನೇ ಇದ್ದೆ. ಆದ್ರೂ ನೆಟ್‌ವರ್ಕ್ ಮಾತ್ರ ಬಹಳ ಚೆನ್ನಾಗಿ ಹಾಕಿ ಹೋದೆ ನೋಡು, ಒಂದು ಸಲಾನೂ ನಿಲ್ಲಲಿಲ್ಲ."

ಟ್ಯಾಬ್ಲೆಟ್ಟಿನಿಂದ ಮೂವರು ಮುದುಕಿಯರು ನನ್ನನ್ನೇ ದಿಟ್ಟಿಸುತ್ತಿದ್ದರು. ಅವರಲ್ಲೊಬ್ಬರು ಮೂಗು ಒರೆಸಿಕೊಂಡು, "ಸುದ್ದಿ ಕೇಳಿ ತುಂಬಾ ಬೇಜಾರಾಯ್ತು ಪ್ರೆಬೆನ್," ಎಂದರು. ನಾನು ಥ್ಯಾಂಕ್ಸ್ ಎಂದೆ.

"ಆದರೆ ಪತಾಕೆ ಬಾವುಟ ಅಲ್ಲ ಅತ್ತೆ! ಪತಾಕೆಗೆ ಅರ್ಧ ಪೂರ್ತಿ ಅಂತೆಲ್ಲ ನಿಯಮ ಇಲ್ಲ!"

"ನಂಗೊತ್ತಪ್ಪ. ಬೀದಿಯೋರಿಗೂ ಗೊತ್ತಿದ್ರೆ ನೀನಿನ್ನೂ ಬದುಕಿರ್ತಿದ್ದೆ."

ಅಷ್ಟು ಹೊತ್ತಿಗೆ ಮನೆಯೊಳಗೆ ನಡೆದದ್ದನ್ನು ಲಿಸ್ಬೆಟ್ ಆಮೇಲೆ ಹೇಳಿದಳು. ವಿಷಯ ಏನೆಂದು ಅರ್ಥವಾದ ಕೂಡಲೇ ಅವಳು, "ಯಾರೇ ಸತ್ತಿದ್ದು? ಅವನು ಒಳಗೆ ಕುರ್ಚೀಲಿ ಕೂತು ಮ್ಯಾಚ್ ನೋಡ್ತಿದಾನೆ, ಬಾ ತೋರಿಸ್ತೀನಿ," ಎಂದು ಹಜಾರದ ಬಾಗಿಲು ತೆರೆದು ತೋರಿಸಿದಳಂತೆ. ಕುರ್ಚಿ ಖಾಲಿ. ಟೀವಿ ದನಿಯಿಲ್ಲದೆ ಓಡುತ್ತಿದೆ. ಜಗಲಿಯ ಪರದೆ ತನ್ನಷ್ಟಕ್ಕೆ ಅಲುಗುತ್ತಿದೆ. ಬೋದಿಲ್ ನನ್ನ ಹೆಂಡತಿಯನ್ನು ಗಟ್ಟಿಯಾಗಿ ಅಪ್ಪಿಕೊಂಡು, "ಮೊದಮೊದಲು ಹಾಗೇ ಕಾಣ್ಸುತ್ತೆ ಕಣೇ. ನಮ್ಮಮ್ಮನಿಗೂ ಹೀಗೇ ಆಗಿತ್ತು," ಎಂದಳಂತೆ.

ನಾನು ಜಗಲಿಗೆ ಬಂದಾಗ ಫ್ಲೆಮಿಂಗ್ ಮಾತಾಡುತ್ತಿದ್ದ. "ಈಗ ಕೇಳೋ ಹೊತ್ತಲ್ಲ, ಆದ್ರೂ ನನ್ನ ಕೊರೆಯೋ ಮೆಷಿನ್ ಅವನ ಹತ್ರಾನೇ ಉಳೀತು."

"ಸುಮ್ನಿರಿ," ಎಂದಳು ಬೋದಿಲ್. "ಲಿಸ್ಬೆಟ್, ಈ ಕುರ್ಚಿ ಮಾತ್ರ ಕಣ್ಣೆದುರು ಇಟ್ಕೋಬೇಡ. ನೋಡಿದಾಗೆಲ್ಲ ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಗುತ್ತೆ. ಬೇಕಿದ್ರೆ ನಾವು ನಮ್ಮ ಬೇಸಿಗೆ ಮನೆಗೆ ತಗೊಂಡು ಹೋಗ್ತೀವಿ."

"ಕುರ್ಚಿ ಮುಟ್ಟಿದ್ರೆ ನೋಡಿ!" ಎಂದು ನಾನು ಪರದೆ ಸರಿಸಿಕೊಂಡು ಒಳಗೆ ಬಂದೆ.

ಬೋದಿಲ್ ಕಿಟಾರನೆ ಕಿರುಚಿದಳು. ಫ್ಲೆಮಿಂಗ್ ಕಿರುಚಲಿಲ್ಲ, ನನ್ನ ಕಾಲುಚೀಲಗಳನ್ನು ನೋಡಿ, ಕೇಕನ್ನು ನೋಡಿ, "ಹಾಗಾದ್ರೆ ಇದೇನು ಮಾಡೋದೀಗ?" ಎಂದ. ಅವನ ದನಿಯಲ್ಲಿ ನಾನು ನಿರೀಕ್ಷಿಸಿದಷ್ಟು ಸಂತೋಷ ಇರಲಿಲ್ಲ.

"ಬದುಕಿರೋನು ಯಾರಾದ್ರೂ ಅರ್ಧಕ್ಕೆ ಬಾವುಟ ಏರಿಸ್ತಾನಾ?" ಎಂದು ಬೋದಿಲ್ ನನ್ನ ಮೇಲೆ ಹರಿಹಾಯ್ದಳು. "ಇಡೀ ಬೀದಿಗೆ ಹೇಳಿಬಿಟ್ಟಿದೀನಿ! ಎಲ್ರೂ ಹೂ ಹಿಡ್ಕೊಂಡು ಬರ್ತಿದಾರೆ!"

"ಅದು ಬಾವುಟ ಅಲ್ಲ, ಪತಾಕೆ..."

"ಪ್ರೆಬೆನ್!" ಲಿಸ್ಬೆಟ್ಟಳ ದನಿ ಮೆತ್ತಗಿತ್ತು. ಅವಳ ದನಿ ಮೆತ್ತಗಾದರೆ ನನಗೆ ಭಯ. "ಮೊದಲು ಹೋಗಿ ಅದನ್ನ ಸರಿಮಾಡು. ಈಗಲೇ."

ಓಡಿದೆ. ಗೇಟಿನ ಬಳಿ ಆಗಲೇ ಜನ ಸೇರತೊಡಗಿದ್ದರು, ಕೈಯಲ್ಲಿ ಬಿಳೀ ಹೂವು, ಮುಚ್ಚಿದ ತಟ್ಟೆಗಳು. ಕಂಬದ ಬಳಿ ನಿಂತಾಗ ಬುದ್ಧಿ ನೆಟ್ಟಗೆ ಓಡಲಿಲ್ಲ. ಅರ್ಧ ಅಂದರೆ ದುಃಖ, ತುದಿ ಅಂದರೆ ಸಂತೋಷ ಎಂಬುದಷ್ಟೇ ಹೊಳೆಯಿತು. ಗಂಟು ಬಿಚ್ಚಿ, ಹಗ್ಗ ಎಳೆದು, ಪತಾಕೆಯನ್ನೂ ಡಬ್ಬಿಯನ್ನೂ ಒಟ್ಟಿಗೆ ತುದಿಗೇರಿಸಿಬಿಟ್ಟೆ.

ಗೇಟಿನ ಹೊರಗಿದ್ದವರೆಲ್ಲ ಕತ್ತೆತ್ತಿ ಕಂಬದ ತುದಿಯನ್ನು ನೋಡಿದರು. ಕಣ್ಣು ಅಷ್ಟಾಗಿ ಕಾಣದ ಮುದುಕ ಐನರ್ ಟೊಪ್ಪಿಗೆ ತೆಗೆದು ನನ್ನ ಬಳಿ ಬಂದು ಮೆಲ್ಲಗೆ ಕೇಳಿದ: "ಮಣ್ಣು ಮಾಡಿದ್ದೂ ಆಯ್ತೇನಪ್ಪ? ಇಷ್ಟು ಬೇಗ?"

ಲಿಸ್ಬೆಟ್ ಬಾಗಿಲಲ್ಲಿ ಹಣೆ ಚಚ್ಚಿಕೊಂಡಳು. "ಅಯ್ಯೋ ನಿನ್ನ! ಸರಿಮಾಡು ಅಂದ್ರೆ ಏರಿಸಿದೀಯಲ್ಲೋ! ಸತ್ತೋರನ್ನ ಮಣ್ಣು ಮಾಡಿ ಬಂದ್ಮೇಲೆ ತಾನೇ ಅರ್ಧದಿಂದ ತುದಿಗೇರಿಸೋದು?"

ಧ್ವಜಶಾಸ್ತ್ರದಲ್ಲಿ ಇದೂ ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ, ಅಷ್ಟೆ. ನಾನು ಹಗ್ಗ ಹಿಡಿದುಕೊಂಡು, "ನಾನೇ ಪ್ರೆಬೆನ್, ನಾನು ಸತ್ತಿಲ್ಲ," ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯಿತು. ಎಲ್ಲರೂ ಸೌಜನ್ಯದಿಂದ ಕೇಳಿಸಿಕೊಂಡರು. ತಂದ ತಟ್ಟೆಗಳನ್ನು ವಾಪಸು ಒಯ್ಯುವುದು ಚೆನ್ನಾಗಿರುವುದಿಲ್ಲವೆಂದು ಲಿಸ್ಬೆಟ್ ಅವರನ್ನೆಲ್ಲ ಕಾಫಿಗೆ ಒಳಗೆ ಕರೆದಳು. ಅಷ್ಟರಲ್ಲಿ ಹೊರಮನೆಯ ಬಾಗಿಲು ತೆರೆಯಿತು. ಅತ್ತೆ, ಕಂಕುಳಲ್ಲಿ ಟ್ಯಾಬ್ಲೆಟ್.

"ನೆಟ್‌ವರ್ಕ್ ಹೋಯ್ತು ಕಣೋ," ಎಂದು ಹೇಳಿ ಹುಲ್ಲುಹಾಸು ದಾಟಿ ಹೋದರು.

ಹಗ್ಗ ಇಳಿಸಿ, ಡಬ್ಬಿ ಬಿಚ್ಚಿ, ತಂತಿ ಸುತ್ತಿ ನಾನು ಒಳಗೆ ಹೋಗುವಷ್ಟರಲ್ಲಿ ಹಜಾರದಿಂದ ಮಾಡು ಹಾರುವಂಥ ಕೇಕೆ ಕೇಳಿತು. ನಮ್ಮ ತಂಡ ಗೆದ್ದಿತ್ತು. ಗೆದ್ದ ಆ ಕೊನೆಯ ಗೋಲನ್ನು ನನ್ನ ಅಂತಿಮ ದರ್ಶನಕ್ಕೆ ಬಂದವರೆಲ್ಲರೂ ನೋಡಿದರು. ಸೋಫಾ ತುಂಬಿತ್ತು, ಊಟದ ಕುರ್ಚಿಗಳೆಲ್ಲ ತುಂಬಿದ್ದವು. ಬೋದಿಲ್ ಎದ್ದು ಜಾಗ ಕೊಟ್ಟದ್ದರಿಂದ ಅತ್ತೆ ನನ್ನ ಕುರ್ಚಿಯಲ್ಲಿದ್ದರು, ತೊಡೆಯ ಮೇಲೆ ಕೇಕಿನ ತಟ್ಟೆ. ನಾನು ಬಾಗಿ ಅವರ ಕಿವಿಯ ಹತ್ತಿರ ಹೇಳಿದೆ: "ನಾಳೆ ಬೆಳಿಗ್ಗೇನೇ ಬೇರೆ ಕಂಬ ನೆಟ್ಟು, ಪತಾಕೆ ಗಿತಾಕೆ ಇಲ್ಲದೆ ಡಬ್ಬಿ ಹಾಕಿಕೊಡ್ತೀನಿ ಅತ್ತೆ. ನಿಮಗೆ ಅಲ್ಲೇ ಆರಾಮು."

ಅತ್ತೆ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾಗಿ ನೀರಿತ್ತು.

"ಬೇಡಪ್ಪ. ಇವತ್ತು ನಂಗೆ ಬುದ್ಧಿ ಬಂತು. ನಾನಲ್ಲಿ ಇಸ್ಪೀಟು ಆಡ್ತಾ ಕೂತ್ರೆ ಇಲ್ಲಿ ನೀನು ನಿಜವಾಗ್ಲೂ ಸತ್ರೂ ಗೊತ್ತಾಗಲ್ಲ. ಇನ್ಮೇಲೆ ಸಂಜೆ ಯಾಕೆ, ಬೆಳಿಗ್ಗೆಯಿಂದಾನೇ ಇಲ್ಲಿ ಬಂದು ಕೂತ್ಕೋತೀನಿ."

ಹೇಳಿ, ಕಾಲನ್ನು ಪೀಠದ ಮೇಲೆ ಚಾಚಿದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದೆ.